ಕಾಯಿ ಎಲ್ಲಿಯದು?

ಕಣಕಟ್ಟೆ
18 ಜುಲೈ 1998

ಚಿ. ಇಂದುಧರನಿಗೆ ಅಕ್ಕನ ಆಶೀರ್ವಾದ.

ನಾನು ಕ್ಷೇಮ ಎಂದು ಬರೆಯುವ ಹಾಗಿಲ್ಲ, ನೀನು ಬಿಟ್ಟಿಲ್ಲ. ಪತ್ರಿಕೆ ಮಧ್ಯಾಹ್ನದ ಅರಸೀಕೆರೆ ಬಸ್ಸಿಗೆ ಬಂತು. ಮೊದಲ ಪುಟದಲ್ಲೇ ನಿನ್ನ ಫೋಟೊ, ಸದನದಲ್ಲಿ ಕೈ ಎತ್ತಿಕೊಂಡು ನಿಂತಿದ್ದೀಯ. ಕೆಳಗೆ ದಪ್ಪಕ್ಷರದಲ್ಲಿ, 'ನನ್ನ ಮನೆಯ ಒಂದೊಂದು ಇಟ್ಟಿಗೆಯೂ ಕಣಕಟ್ಟೆಯ ತೆಂಗಿನದು: ಹಣಕಾಸು ಸಚಿವರ ಉತ್ತರ.' ಬೇಲೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಹೆಡ್‌ಮಿಸ್ಟ್ರೆಸ್ ಆಗಿದ್ದವಳು ನಾನು, ಸುಳ್ಳು ಕೇಳಿ ಕೇಳಿ ಕಿವಿ ಸವೆದಿದೆ. ಲೆಕ್ಕದ ಪುಸ್ತಕವನ್ನು ಎಮ್ಮೆ ತಿಂದುಹಾಕಿತು ಎನ್ನುವ ಹುಡುಗಿಯ ಮುಖದಲ್ಲೂ ಒಂದಿಷ್ಟು ನಾಚಿಕೆ ಇರುತ್ತಿತ್ತು. ನಿನ್ನ ಫೋಟೊದಲ್ಲಿ ಹುಡುಕಿದೆ, ಕಾಣಲಿಲ್ಲ.

ವಿರೋಧಪಕ್ಷದವರು ಕೇಳಿದ್ದು ಎರಡೇ ಪ್ರಶ್ನೆ. ಆ ಡಿಸ್ಟಿಲರಿಯವರು ಸರ್ಕಾರಕ್ಕೆ ಕಟ್ಟಬೇಕಿದ್ದ ಬಾಕಿಯನ್ನು ಯಾಕೆ ಮನ್ನಾ ಮಾಡಿದಿರಿ? ಅದರ ಹಿಂದೆಯೇ ಬೆಂಗಳೂರಿನಲ್ಲಿ ಅಂಥ ಮನೆ ಹೇಗೆ ಎದ್ದಿತು? ಮೊದಲನೆಯದಕ್ಕೆ ಅಂಕಿ ಅಂಶ ಓದಿ ಎಲ್ಲರಿಗೂ ಆಕಳಿಕೆ ಬರಿಸಿದೆ. ಎರಡನೆಯದಕ್ಕೆ ನಮ್ಮ ತೋಟವನ್ನು ಎಳೆದು ತಂದೆ. 'ನಮ್ಮ ಅಕ್ಕ ವರ್ಷ ವರ್ಷವೂ ಅಟ್ಟದ ಮೇಲೆ ಕೊಬ್ಬರಿ ಮಾಡಿ, ಮಾರಿ, ಕೂಡಿಟ್ಟು ಕೊಟ್ಟ ಹಣ ಅದು. ಅನುಮಾನವಿದ್ದವರು ಹೋಗಿ ಅವರನ್ನೇ ಕೇಳಲಿ' ಅಂದೆಯಂತೆ. ನಮ್ಮ ಅಟ್ಟದ ಮೇಲೆ ಏನಿದೆ ಗೊತ್ತೇನೋ? ಇಲಿಗಳಿವೆ, ನಿನ್ನ ಹಳೆಯ ಚುನಾವಣೆಯ ಬೋರ್ಡುಗಳಿವೆ.

ಆ ತೋಟದ ಕಾಯಿ ಯಾರದು ಎಂದು ನಿನಗೆ ನಾನು ಹೇಳಿಕೊಡಬೇಕೆ? ಹುಡುಗನಾಗಿದ್ದಾಗ ನಿನಗೆ ವಿಷಮಶೀತ ಜ್ವರ ಬಂದು ನಾಲಿಗೆ ಬಿದ್ದುಹೋಗಿತ್ತು. ಡಾಕ್ಟರು ಕೈ ಚೆಲ್ಲಿದರು. ಅಪ್ಪ ಮಠದ ಗದ್ದುಗೆಯ ಮುಂದೆ ಅಡ್ಡಬಿದ್ದು, 'ಮಗು ಉಳಿದರೆ ತೋಟದ ಕಾಯಿ ಪೂರ್ತಿ ದಾಸೋಹಕ್ಕೆ' ಅಂದರು. ನೀನು ಉಳಿದೆ. ಅಂದಿನಿಂದ ಇಂದಿನವರೆಗೆ ಆ ತೋಟದ ಕಾಯೆಲ್ಲ ಗಾಡಿಯಲ್ಲಿ ಮಠದ ಅಡಿಗೆಮನೆಗೆ ಹೋಗುತ್ತಿದೆ. ನೀನು ಮಠದ ಹಾಸ್ಟೆಲಿನಲ್ಲಿ ಓದುವಾಗ ಪಂಕ್ತಿಯಲ್ಲಿ ಉಂಡೆಯಲ್ಲ, ಆ ತೋಟದ ಕಾಯಿ ಈ ಮನೆಯವರ ಹೊಟ್ಟೆಗೆ ಹೋದದ್ದು ಆ ಒಂದು ದಾರಿಯಲ್ಲಿ ಮಾತ್ರ. ನಾವು ಚಟ್ನಿಗೆ ಕಾಯಿಯನ್ನು ತಿಮ್ಮಯ್ಯನ ಅಂಗಡಿಯಿಂದ ಕೊಂಡು ತರುತ್ತೇವೆ. ತೋಟವಿಟ್ಟುಕೊಂಡು ಕಾಯಿ ಕೊಳ್ಳುವ ಮನೆ ಅಂತ ಹೋಬಳಿಯೇ ನಗುತ್ತಿತ್ತು. ಆ ನಗುವಿನಲ್ಲಿ ಮರ್ಯಾದೆ ಇತ್ತು.

ತಟ್ಟೆ ಮುಂದೆ ಕುಳಿತಾಗ ಅವ್ವ ಕಲಿಸಿದ್ದು ನೆನಪಿದೆಯೇ? 'ಕಾಯಿ ಎಲ್ಲೀದವ್ವಾ?' ಅಂತ ಕೇಳಬೇಕು, 'ಅಂಗಡೀದು, ಉಣ್ಣು' ಅಂತ ಅವಳು ಹೇಳಬೇಕು, ಆಮೇಲೆ ತುತ್ತು. ನೀನು ಶಾಸಕನಾದ ಮೇಲೂ ಅವಳ ಮುಂದೆ ನಗುತ್ತ ಕೇಳುತ್ತಿದ್ದೆ.

ಇವತ್ತು ಕಾಯಿಗೆ ಹೋದರೆ ತಿಮ್ಮಯ್ಯ ಏನಂದ ಗೊತ್ತೆ? "ಇನ್ನೂ ಯಾಕ್ ಕಾಸ್ ಕೊಟ್ಟು ತಕ್ಕೋತೀರ ಅಮ್ಮಾರೆ? ಅಟ್ಟದ ತುಂಬ ಐತಂತಲ್ಲ, ಮಂತ್ರಿಗಳೇ ಹೇಳವ್ರೆ." ಬೆಂಚಿನ ಮೇಲಿದ್ದವರು ಯಾರೂ ನಗಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ದಾಸೋಹದ ಕಾಯಿ ಕದ್ದು ತಮ್ಮನಿಗೆ ಮನೆ ಕಟ್ಟಿಸಿದವಳು ನಾನು, ಈಗ ಊರಿನ ಲೆಕ್ಕದಲ್ಲಿ ಅಷ್ಟೇ.

ಈ ಕಾಗದ ಮುಟ್ಟಿದ ಕೂಡಲೇ ಸದನದಲ್ಲಿ ಎದ್ದು ನಿಂತು, ತಪ್ಪು ಹೇಳಿದೆ ಅನ್ನು. ಮನೆ ಹೇಗೆ ಬಂತು ಅಂತ ಬೇರೆ ಏನಾದರೂ ಹೇಳಿಕೋ, ನನಗೆ ಬೇಡ. ನನ್ನ ಹೆಸರನ್ನು ಅದರಿಂದ ಬಿಡಿಸು.

ಕಮಲಾಕ್ಷಮ್ಮ


ಬೆಂಗಳೂರು
27 ಜುಲೈ 1998

ಪೂಜ್ಯ ಅಕ್ಕನಿಗೆ ಇಂದುಧರ ಮಾಡುವ ನಮಸ್ಕಾರಗಳು.

ನಿನ್ನ ಕಾಗದ ಓದಿ ಅವ್ವನ ಬೈಗುಳ ಕೇಳಿದ ಹಾಗಾಯಿತು, ಕಣ್ಣು ತುಂಬಿತು. ನನ್ನನ್ನು ಬೈಯುವವರು ಈ ವಿಧಾನಸೌಧದಲ್ಲಿ ಬೇಕಾದಷ್ಟು ಜನ ಇದ್ದಾರೆ, ಪ್ರೀತಿಯಿಂದ ಬೈಯುವವಳು ನೀನೊಬ್ಬಳೇ.

ನೀನು ಸಿಟ್ಟಾಗುವಂಥದ್ದು ಏನೂ ನಡೆದಿಲ್ಲ. ಆ ಉತ್ತರವನ್ನು ಸಿದ್ಧ ಮಾಡಿದವನು ನನ್ನ ಆಪ್ತ ಕಾರ್ಯದರ್ಶಿ ಶಶಿಕಿರಣ್, ಬಹಳ ಚುರುಕಿನ ಹುಡುಗ. ಅವನು ಪಹಣಿ ತರಿಸಿ ನೋಡಿದ. ತೋಟ ನಮ್ಮ ಹೆಸರಿನಲ್ಲಿದೆ, ಬೆಳೆ ತೆಂಗು. ಅಪ್ಪ ಮಠಕ್ಕೆ ಏನನ್ನೂ ಬರೆದುಕೊಟ್ಟಿಲ್ಲ, ಬಾಯಿ ಮಾತು ಅಷ್ಟೆ. ಕಾನೂನಿನ ಪ್ರಕಾರ ಕಾಯಿ ನಮ್ಮದು, ಪ್ರೀತಿಯಿಂದ ಮಠಕ್ಕೂ ಕೊಡುತ್ತೇವೆ. ನಾನು ಹೇಳಿದ್ದರಲ್ಲಿ ಸುಳ್ಳು ಎಲ್ಲಿದೆ ಹೇಳು. ಅವ್ವನ ಕಾಲದ ಮಕ್ಕಳಾಟವನ್ನು ಸದನದ ಕಲಾಪಕ್ಕೆ ಸೇರಿಸಬೇಡ.

ವಿರೋಧಪಕ್ಷದವರಿಗೆ ಬೇಕಿರುವುದು ಡಿಸ್ಟಿಲರಿಯೂ ಅಲ್ಲ, ಮನೆಯೂ ಅಲ್ಲ. ಹಳ್ಳಿಯಿಂದ ಬಂದವನೊಬ್ಬ ಮೂರು ಬಜೆಟ್ ಮಂಡಿಸಿದ್ದನ್ನು ಅವರಿಗೆ ನೋಡಲಾಗುತ್ತಿಲ್ಲ. ಈಗ ಸದನ ಸಮಿತಿ ಮಾಡಿದ್ದಾರೆ, ನಿನ್ನ ಹೇಳಿಕೆ ಕೇಳುತ್ತಾರಂತೆ. ಒಂದು ಪುಟದ ಹೇಳಿಕೆ ಟೈಪ್ ಮಾಡಿಸಿ ಇದರ ಜೊತೆ ಇಟ್ಟಿದ್ದೇನೆ. ತೋಟದ ಕೊಬ್ಬರಿ ಮಾರಿ ತಮ್ಮನಿಗೆ ಕೊಟ್ಟೆ ಎಂದಿದೆ, ಅಷ್ಟೇ. ಸಹಿ ಹಾಕಿ ಕಳಿಸು. ಒಬ್ಬಳು ನಿವೃತ್ತ ಹೆಡ್‌ಮಿಸ್ಟ್ರೆಸ್ ಸಹಿ ಹಾಕಿದರೆ ಯಾರೂ ಉಸಿರೆತ್ತುವುದಿಲ್ಲ.

ಮಂಡಿನೋವು ಹೇಗಿದೆ? ಇಲ್ಲಿ ಒಳ್ಳೆಯ ಡಾಕ್ಟರಿದ್ದಾರೆ, ಕಾರು ಕಳಿಸಲೇ?

ನಿನ್ನ ತಮ್ಮ,
ಇಂದುಧರ


ಕಣಕಟ್ಟೆ
6 ಆಗಸ್ಟ್ 1998

ಇಂದುಧರ,

ಮಂಡಿ ಚೆನ್ನಾಗಿದೆ. ಕಾರು ಬೇಡ.

ನೀನು ನಾಲ್ಕು ಪುಟ ಬರೆದಿದ್ದೀಯ, ಮನೆಗೆ ದುಡ್ಡು ಯಾರು ಕೊಟ್ಟರು ಎಂಬುದು ಮಾತ್ರ ಎಲ್ಲೂ ಇಲ್ಲ. ಉತ್ತರ ಬರೆದವನು ಶಶಿಕಿರಣ್, ಪಹಣಿ ತಂದವನು ಶಶಿಕಿರಣ್. ಹಾಗಾದರೆ ಮಂತ್ರಿ ಯಾರು? ಅಪ್ಪ ಬರೆದುಕೊಡಲಿಲ್ಲ, ನಿಜ. ಬರೆದುಕೊಡದೆಯೂ ನಡೆಯುತ್ತದೆ ಎಂದು ನಂಬಿದ್ದರು, ಮಕ್ಕಳು ಅಂಥವರು ಅಂತ.

ಹೋದ ವರ್ಷ ದೆಹಲಿಯ ದೊಡ್ಡವರನ್ನು ಕಟ್ಟಿಕೊಂಡು ಬೇಲೂರು, ಹಳೇಬೀಡು ಎಲ್ಲ ತೋರಿಸಿದೆ. ಕಣಕಟ್ಟೆಗೆ ಬರಲು ಸಮಯವಿರಲಿಲ್ಲ. ಈಗ ಸಹಿ ಬೇಕಾದಾಗ ಅಕ್ಕನ ಮಂಡಿ ನೆನಪಾಯಿತು.

ನಿನ್ನ ಕಾಗದಕ್ಕೆ ಸಹಿ ಹಾಕುವುದಿಲ್ಲ. ಅದನ್ನು ಮುಟ್ಟಿದ ಮೇಲೆ ಕೈ ತೊಳೆದುಕೊಂಡೆ.

ಕಮಲಾಕ್ಷಮ್ಮ


ಬೆಂಗಳೂರು
12 ಆಗಸ್ಟ್ 1998

ಅಕ್ಕ,

ನಿನ್ನ ನಾಲಿಗೆಗೆ ಮೊದಲಿನಿಂದಲೂ ಹದವಿಲ್ಲ, ನಾನು ಬೇಜಾರು ಮಾಡಿಕೊಳ್ಳುವುದಿಲ್ಲ.

ಆದರೆ ಒಂದು ಮಾತು ಯೋಚಿಸು. ಕಣಕಟ್ಟೆಗೆ ಟಾರು ರಸ್ತೆ ಯಾರಿಂದ ಬಂತು? ಮಠದ ಹಾಸ್ಟೆಲಿಗೆ ಹೊಸ ಕಟ್ಟಡದ ಅನುದಾನ ಯಾರು ಕೊಟ್ಟರು? ನಾನು ಬಿದ್ದರೆ ಅದೆಲ್ಲ ನಿಲ್ಲುತ್ತದೆ. ಒಂದು ಸಹಿಗೆ ಇಷ್ಟು ಮಡಿ ಮಾಡುವ ನೀನು, ಒಡಹುಟ್ಟಿದವನನ್ನು ಬೀದಿಗೆ ಎಳೆಯಲು ಹೇಸುವುದಿಲ್ಲವೇ? ನಿನಗೆ ಇರುವುದು ನಾನೊಬ್ಬನೇ, ಮರೆಯಬೇಡ.

ಹೇಳಿಕೆಯ ಇನ್ನೊಂದು ಪ್ರತಿ ಇಟ್ಟಿದ್ದೇನೆ.

ಇಂದುಧರ


ಬೆಂಗಳೂರು
2 ಸೆಪ್ಟೆಂಬರ್ 1998

ಅಕ್ಕ,

ಮೂರು ವಾರದಿಂದ ನಿನ್ನ ಕಾಗದವಿಲ್ಲ. ತಿಮ್ಮಯ್ಯನ ಅಂಗಡಿಗೆ ಫೋನ್ ಮಾಡಿಸಿದರೆ, 'ಅಮ್ಮಾರು ಬರಕ್ಕಿಲ್ಲ ಅಂದ್ರು' ಎನ್ನುತ್ತಾನೆ.

ನಿನ್ನ ಸ್ವಭಾವ ನನಗೆ ಗೊತ್ತು. ಮನಸ್ಸು ಕರಗಿದರೂ ಬಾಯಿಬಿಟ್ಟು ಹೇಳುವವಳಲ್ಲ. ನನ್ನ ಮದುವೆಗೂ ಮೊದಲು ತಿಂಗಳುಗಟ್ಟಲೆ ಮುಖ ಊದಿಸಿಕೊಂಡಿದ್ದು, ಕೊನೆಗೆ ನೀನೇ ನಿಂತು ಮಾಡಿಸಿದೆ. ಈ ಮೌನವೂ ಹಾಗೆಯೇ ಎಂದುಕೊಂಡಿದ್ದೇನೆ. ಅಕ್ಕನಿಗೆ ಒಪ್ಪಿಗೆಯಿದೆ, ಹೇಳಿಕೆ ಬರುತ್ತಿದೆ ಎಂದು ಸಮಿತಿಗೆ ತಿಳಿಸಿಬಿಟ್ಟಿದ್ದೇನೆ.

ಇಂದುಧರ


ಕಣಕಟ್ಟೆ
9 ಸೆಪ್ಟೆಂಬರ್ 1998

ಇಂದುಧರ,

ನಾನು ಸುಮ್ಮನಿದ್ದದ್ದು ಮನಸ್ಸು ಕರಗಿ ಅಲ್ಲ. ನಡೆದದ್ದನ್ನು ಬರೆಯಲು ಕೈ ಬರಲಿಲ್ಲ. ಈಗ ನೀನು ನನ್ನ ಮೌನವನ್ನೂ ಸಮಿತಿಯ ಮುಂದೆ ಮಾರಿದ್ದೀಯ, ಆದ್ದರಿಂದ ಬರೆಯುತ್ತಿದ್ದೇನೆ.

ಆಗಸ್ಟ್ ಕೊನೆಗೆ ಎಂದಿನಂತೆ ಕಾಯಿ ಕೀಳಿಸಿ ಗಾಡಿ ಕಟ್ಟಿಸಿದೆ. ಜನ ಏನಾದರೂ ಅಂದುಕೊಳ್ಳಲಿ, ಮಠಕ್ಕೆ ಗೊತ್ತಿದೆ ಎಂಬ ಧೈರ್ಯ ನನಗೆ. ಗಾಡಿಯ ಹಿಂದೆ ನಾನೂ ಹೋದೆ. ದಾಸೋಹದ ಅಡಿಗೆ ನೋಡಿಕೊಳ್ಳುವ ನಂಜುಂಡಯ್ಯ ಹೊರಗೆ ಬಂದ. ಯಾವಾಗಲೂ 'ಬನ್ನಿ ತಾಯಿ' ಅಂತ ಮೊದಲು ಮಜ್ಜಿಗೆ ಕೊಡುವವನು, ಅವತ್ತು ಬಾಗಿಲಲ್ಲೇ ನಿಂತ. "ಈ ಸಲ ಬ್ಯಾಡಂತೆ ತಾಯಿ. ಬುದ್ಧಿಯೋರು ಹೇಳಿ ಕಳ್ಸವ್ರೆ. ಮಾರೋ ಕಾಯಿ ದಾಸೋಹಕ್ಕೆ ಯಾಕೆ ಅಂತ." ಸ್ವಾಮಿಗಳ ಮಾತು ಅಷ್ಟು ಹೇಳಿ ನೆಲ ನೋಡಿದ. ನಾನು ಗಾಡಿ ತಿರುಗಿಸಿದೆ. ಕಾಯಿ ಮಾರಿಲ್ಲ ಎಂದು ಹೇಳಬೇಕಾದರೆ, ನನ್ನ ತಮ್ಮ ಸದನದಲ್ಲಿ ಸುಳ್ಳು ಹೇಳಿದ ಎನ್ನಬೇಕಿತ್ತು. ಆ ಮಾತನ್ನು ನಿನಗೋಸ್ಕರ ನುಂಗಿದೆ.

ತುಂಬಿದ ಗಾಡಿ ಊರ ನಡುವೆ ವಾಪಸು ಬಂತು. ಪ್ರತಿ ಜಗಲಿಯಿಂದಲೂ ನೋಡಿದರು. ಮನೆಗೆಲಸದ ಸಣ್ಣತಾಯಮ್ಮ ಗಾಡಿ ಕಂಡು ಬಾಗಿಲಲ್ಲೇ ಅತ್ತಳು. ಕಾಯಿ ಕೊಟ್ಟಿಗೆಯಲ್ಲಿ ಬಿದ್ದಿದೆ. ಅದನ್ನು ಮಾರುವ ಹಾಗಿಲ್ಲ, ತಿನ್ನುವ ಹಾಗಿಲ್ಲ.

ನನಗೆ ಅಸಹ್ಯವಾಗಿದೆ ಇಂದುಧರ. ನೀನು ದುಡ್ಡು ತಿಂದೆ ಎಂಬುದಕ್ಕಷ್ಟೇ ಅಲ್ಲ. ತಿಂದ ಮೇಲೆ ಬಾಯಿ ಒರೆಸಿಕೊಳ್ಳಲು ಅಪ್ಪನ ಹರಕೆಯನ್ನು ಎತ್ತಿಕೊಂಡೆಯಲ್ಲ, ಅದಕ್ಕೆ. ಆ ಹರಕೆ ನಿನ್ನ ಜೀವಕ್ಕೆ ಹೊತ್ತದ್ದು.

ಕಮಲಾಕ್ಷಮ್ಮ


ಬೆಂಗಳೂರು
15 ಸೆಪ್ಟೆಂಬರ್ 1998

ಪ್ರೀತಿಯ ಅಕ್ಕ,

ನೀನು ದುಃಖದಲ್ಲಿ ಬರೆದಿದ್ದೀಯ, ಆದರೆ ನಿನಗೇ ತಿಳಿಯದಂತೆ ನನ್ನನ್ನು ಉಳಿಸಿದ್ದೀಯ! ನಿನ್ನ ಕಾಗದವನ್ನು ಶಶಿಕಿರಣನಿಗೂ ಓದಿ ಹೇಳಿದೆ. ಅವನು ಕುರ್ಚಿಯಿಂದ ಎದ್ದೇಬಿಟ್ಟ. ಮಠದವರೇ ಗಾಡಿ ವಾಪಸು ಕಳಿಸಿದ್ದಾರೆ, 'ಮಾರೋ ಕಾಯಿ' ಎಂದು ಅವರ ಬಾಯಿಂದಲೇ ಬಂದಿದೆ. ಕಾಯಿ ನಮ್ಮದು, ನಾವು ಮಾರುತ್ತೇವೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಇಷ್ಟು ದಿನ ನಮ್ಮಿಬ್ಬರ ನಡುವೆ ಇದ್ದ ತೊಡಕೂ ಹರಿಯಿತು. ಮಠಕ್ಕೇ ಬೇಡವಾದ ಮೇಲೆ ಯಾವ ಹರಕೆ? ನೀನು ನೆಮ್ಮದಿಯಾಗಿ ಸಹಿ ಹಾಕಬಹುದು.

ಸಮಿತಿಯವರು ಅಕ್ಟೋಬರ್ ಮೊದಲ ವಾರ ಅರಸೀಕೆರೆಯ ಪ್ರವಾಸಿ ಮಂದಿರಕ್ಕೆ ಬರುತ್ತಾರೆ. ಅದಕ್ಕೂ ಮೊದಲು, 27ನೇ ತಾರೀಖು ಭಾನುವಾರ, ಬೇಲೂರಿನಲ್ಲಿ ನನಗೊಂದು ಸನ್ಮಾನವಿದೆ. ಹೋಗುವ ದಾರಿಯಲ್ಲಿ ಮನೆಗೆ ಬರುತ್ತೇನೆ. ಹೋಟೆಲಿನದು ಏನೂ ಬೇಡ. ರಾಗಿ ರೊಟ್ಟಿ, ಕಾಯಿ ಚಟ್ನಿ ಸಾಕು, ನಿನ್ನ ಕೈಯದು. ಹೇಳಿಕೆಯ ಪ್ರತಿ ನಾನೇ ತರುತ್ತೇನೆ.

ನಿನ್ನ ತಮ್ಮ,
ಇಂದುಧರ


ಕಣಕಟ್ಟೆ
21 ಸೆಪ್ಟೆಂಬರ್ 1998

ಇಂದುಧರ,

ಬಾ. ರೊಟ್ಟಿ ಚಟ್ನಿ ಮಾಡಿರುತ್ತೇನೆ.

ಕಮಲಾಕ್ಷಮ್ಮ


ಬೆಂಗಳೂರು
8 ಅಕ್ಟೋಬರ್ 1998

ಶ್ರೀಮತಿ ಕಮಲಾಕ್ಷಮ್ಮನವರಿಗೆ,

ನೀವು ಸದನ ಸಮಿತಿಯ ಮುಂದೆ ಕೊಟ್ಟ ಹೇಳಿಕೆಯ ವರದಿ ನನ್ನ ಮೇಜಿನ ಮೇಲಿದೆ. 'ತೋಟದಿಂದ ಒಂದು ಕಾಯಿಯನ್ನೂ ಮಾರಿಲ್ಲ, ತಮ್ಮನಿಗೆ ಒಂದು ರೂಪಾಯಿಯನ್ನೂ ಕೊಟ್ಟಿಲ್ಲ, ಮನೆ ಯಾವ ದುಡ್ಡಿನದೋ ಅವನನ್ನೇ ಕೇಳಿ.' ಪತ್ರಿಕೆಗಳು ಇದನ್ನೇ ತಲೆಬರಹ ಮಾಡಿವೆ. ಮುಖ್ಯಮಂತ್ರಿಗಳು ಇವತ್ತು ಬೆಳಿಗ್ಗೆ ನನ್ನ ರಾಜೀನಾಮೆ ಕೇಳಿದರು. ಕೊಟ್ಟಿದ್ದೇನೆ.

ಒಂದನ್ನು ಮಾತ್ರ ತಿಳಿಯಬೇಕು. ನಾನು ಬಂದ ದಿನ ನೀವು ಜಗಳವಾಡಲಿಲ್ಲ. ಪಕ್ಕದಲ್ಲಿ ಕುಳಿತು ಬಡಿಸಿದಿರಿ. ಕಾಗದವನ್ನು ಕೈಗೆ ತೆಗೆದುಕೊಂಡು, 'ನಾಳೆ ನೋಡ್ತೀನಿ, ಇಟ್ಟು ಹೋಗು' ಅಂದಿರಿ. ಸಹಿ ಹಾಕುವ ಮನಸ್ಸು ಮಾಡಿದ್ದೀರಿ ಎಂದು ನಿಮ್ಮ ಮುಖ ನೋಡಿಯೇ ನನಗೆ ತಿಳಿದಿತ್ತು, ನಾನು ತಪ್ಪು ತಿಳಿದಿರಲಿಲ್ಲ. ನೆಮ್ಮದಿಯಾಗಿ ಬೇಲೂರಿಗೆ ಹೋಗಿ ಹಾರ ಹಾಕಿಸಿಕೊಂಡೆ. ಮನೆಗೆ ಕರೆದು, ಉಣ್ಣಲಿಕ್ಕೆ ಇಟ್ಟು, ಆಮೇಲೆ ಕತ್ತು ಕೊಯ್ಯುವಂಥದ್ದು ಆ ಊಟದ ಹೊತ್ತಿನಲ್ಲಿ ಏನು ನಡೆಯಿತು?

ಇಂದುಧರ


ಕಣಕಟ್ಟೆ
14 ಅಕ್ಟೋಬರ್ 1998

ಇಂದುಧರನಿಗೆ,

ನನ್ನ ಮುಖ ನೋಡಿ ನೀನು ತಿಳಿದದ್ದು ಸರಿ. ಈ ಕಾಗದಗಳಲ್ಲೆಲ್ಲ ನೀನು ನನ್ನನ್ನು ಸರಿಯಾಗಿ ಓದಿದ್ದು ಆ ಒಂದು ಸಲ. ಅವತ್ತು ನಾನು ಸಹಿ ಹಾಕುವವಳಿದ್ದೆ.

ನೀನು ಬರುವ ಹಿಂದಿನ ದಿನವೇ ಪೆನ್ನಿಗೆ ಇಂಕು ತುಂಬಿ ಎಲೆ ಅಡಿಕೆ ತಟ್ಟೆಯಲ್ಲಿಟ್ಟಿದ್ದೆ. ಸುಳ್ಳೆಂದು ಗೊತ್ತಿತ್ತು. ಊರಿನಲ್ಲಿ ಮುಖ ಎತ್ತುವ ಹಾಗಿರುವುದಿಲ್ಲ ಎಂದೂ ಗೊತ್ತಿತ್ತು. ಆದರೂ ಜ್ವರದಲ್ಲಿ ನಿನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತವಳು ನಾನು. ಹೋಗಲಿ, ನನ್ನ ಹೆಸರು ಕೆಟ್ಟರೆ ಕೆಡಲಿ, ಇವನೊಳಗೆ ನಮ್ಮ ಮನೆಯ ಹುಡುಗ ಒಂದು ಚೂರಾದರೂ ಉಳಿದಿದ್ದರೆ ಸಾಕು ಎಂದುಕೊಂಡೆ. ಉಳಿದಿದ್ದಾನೆಯೇ ಎಂದು ನೋಡಬೇಕಿತ್ತು.

ಬೆಳಿಗ್ಗೆ ಕೊಟ್ಟಿಗೆಗೆ ಹೋಗಿ, ಮಠದಿಂದ ವಾಪಸು ಬಂದ ರಾಶಿಯಿಂದ ಒಂದು ಕಾಯಿ ತೆಗೆದೆ. ನಾನೇ ಸುಲಿದು, ಒಡೆದು, ತುರಿದೆ. ಅಪ್ಪ ಹರಕೆ ಹೊತ್ತ ಮೇಲೆ ಆ ತೋಟದ ಕಾಯಿಯನ್ನು ನಮ್ಮ ಅಡಿಗೆಮನೆಯಲ್ಲಿ ಒಡೆದದ್ದು ಅದೇ ಮೊದಲು. ಸಣ್ಣತಾಯಮ್ಮ ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು. "ಅವ್ವಾರೆ, ಇದ್ಯಾಕ್ ತಂದ್ರಿ? ಅಂಗಡಿಗ್ ಹೋಗ್ ಬತ್ತೀನಿ ತಡೀರಿ" ಅಂದಳು. ಬೇಡ ಅಂದೆ. ಯಾರ ಜೀವಕ್ಕೆ ಮುಡಿಪಿಟ್ಟ ಕಾಯಿಯೋ ಅವನ ತಟ್ಟೆಗೇ ಹಾಕಿದೆ. ನಾನು ಮುಟ್ಟಲಿಲ್ಲ, ಉಪ್ಪು ಸರಿಯಿದೆಯೇ ಎಂದು ನಾಲಿಗೆಗೂ ಇಡಲಿಲ್ಲ.

ನೀನು ಬಂದೆ, ಕೈ ತೊಳೆದೆ, ಅವ್ವ ಬಡಿಸುತ್ತಿದ್ದ ಜಾಗದಲ್ಲೇ ಕುಳಿತೆ. ನೀನು ಕೇಳಬೇಕಿದ್ದದ್ದು ಎರಡೇ ಪದ. ನಗುತ್ತ ಕೇಳಿದ್ದರೂ ಆಗುತ್ತಿತ್ತು, ಅವ್ವನ ಫೋಟೊ ನೋಡಿ ಕೇಳಿದ್ದರೂ ಆಗುತ್ತಿತ್ತು. ಕೇಳಿದ್ದರೆ ತಟ್ಟೆ ತೆಗೆದುಕೊಂಡು ಹೋಗಿ, ಅಂಗಡಿ ಕಾಯಿಯ ಚಟ್ನಿ ತಂದಿಡುತ್ತಿದ್ದೆ. ಅದನ್ನೂ ರುಬ್ಬಿ ಒಲೆಯ ಪಕ್ಕ ಮುಚ್ಚಿಟ್ಟಿದ್ದೆ ಕಣೋ. ಆಮೇಲೆ ನಿನ್ನ ಕಾಗದಕ್ಕೆ ಸಹಿ ಹಾಕುತ್ತಿದ್ದೆ.

ನೀನು ರೊಟ್ಟಿ ಮುರಿದು ಚಟ್ನಿಗೆ ಅದ್ದಿದೆ. "ಈ ರುಚಿ ಬೆಂಗಳೂರ್ನಲ್ಲಿ ಎಲ್ಲೈತೆ ಹೇಳಕ್ಕಾ" ಅಂದೆ. ಇನ್ನೊಂದು ಸಲ ಹಾಕಿಸಿಕೊಂಡೆ. ಆಗ ನಿನ್ನ ಪಕ್ಕದಲ್ಲಿ ಉಣ್ಣುತ್ತಿದ್ದ ಆ ಶಶಿಕಿರಣ್, ಪಾಪ, ನಮ್ಮ ಮನೆಯ ಊಟದ ಪದ್ಧತಿ ಅರಿಯದವನು, "ಅಮ್ಮ, ಈ ಕಾಯಿ ನಿಮ್ಮ ತೋಟದ್ದೇನಾ?" ಅಂತ ಕೇಳಿದ. ನನ್ನ ಕೈಯಲ್ಲಿ ಸೌಟು ಹಾಗೇ ನಿಂತಿತು. ನಾನು ಅವನ ಕಡೆ ನೋಡಲಿಲ್ಲ, ನಿನ್ನ ಕಡೆ ನೋಡಿದೆ. ಈಗಲಾದರೂ ಬೆಚ್ಚುತ್ತಾನೆ, ಈಗಲಾದರೂ ತುತ್ತು ಕೆಳಗಿಡುತ್ತಾನೆ ಎಂದು. ನೀನು ಬೆರಳು ಚೀಪುತ್ತ, ನನಗಿಂತ ಮೊದಲು ಉತ್ತರ ಕೊಟ್ಟೆ. "ಮತ್ತಿನ್ನೇನಯ್ಯ? ನಮ್ ತೋಟದ್ದೇ. ನಮ್ ಮನೇಲಿ ಬೇರೆ ಕಾಯಿ ಯಾವತ್ತು ತಂದಿದ್ವಿ?"

ಅಲ್ಲಿ ಸಮಿತಿ ಇರಲಿಲ್ಲ, ಪತ್ರಿಕೆಯವರಿರಲಿಲ್ಲ. ಅವ್ವನ ಒಲೆಯ ಮುಂದೆ, ನಿನ್ನನ್ನು ಯಾರೂ ಕೇಳದಿದ್ದರೂ, ಹೇಳುವ ಅಗತ್ಯವೇ ಇಲ್ಲದಿದ್ದರೂ ನಿನ್ನ ಬಾಯಿಂದ ಅದು ಬಂತು. ನೀನು ಸದನಕ್ಕೆ ಹೇಳಿದ ಸುಳ್ಳನ್ನು ನೀನೇ ನಂಬಿ ಉಣ್ಣುತ್ತಿದ್ದೆ. ಆಗ ನಾನು ಎದ್ದು ಹಿತ್ತಲಿಗೆ ಹೋದದ್ದು ಕರಿಬೇವಿಗೆ ಅಲ್ಲ, ವಾಂತಿಗೆ. ನೀನು ಗಮನಿಸಲಿಲ್ಲ, ಮಜ್ಜಿಗೆ ಕೇಳುತ್ತಿದ್ದೆ.

ನಾನು ಕತ್ತು ಕೊಯ್ದೆ ಅಂತೀಯ. ಸಮಿತಿಯವರು ಕೇಳಿದ್ದಕ್ಕೆ ಇದ್ದದ್ದು ಹೇಳಿದೆ. ಅರಸೀಕೆರೆಯಿಂದ ವಾಪಸು ಬರುವಾಗ ಬಸ್ಸಿನಲ್ಲಿ ಅತ್ತದ್ದೂ ನಿಜ, ನಿನ್ನ ಕುರ್ಚಿಗಾಗಿ ಅಲ್ಲ.

ಮೊನ್ನೆ ಮಠದ ಬುದ್ಧಿಯವರು ತಾವಾಗಿಯೇ ಹೇಳಿ ಕಳಿಸಿದರು. ನಿನ್ನೆ ಗಾಡಿ ಹೋಯಿತು. ನಂಜುಂಡಯ್ಯ ಮೊದಲು ಮಜ್ಜಿಗೆ ಕೊಟ್ಟು ಆಮೇಲೆ ಕಾಯಿ ಇಳಿಸಿಕೊಂಡ. ರಾಶಿಯಲ್ಲಿ ಒಂದು ಕಡಿಮೆಯಿತ್ತಲ್ಲ, ಅದಕ್ಕೆ ತಿಮ್ಮಯ್ಯನ ಅಂಗಡಿಯಿಂದ ಕೊಂಡು ಸೇರಿಸಿದ್ದೆ. ತಿಮ್ಮಯ್ಯ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, ಒಳ್ಳೆಯದನ್ನೇ ಆರಿಸಿ ಕೊಟ್ಟ.

ಆ ಕಾಯಿಯ ದುಡ್ಡನ್ನು ನೀನು ಕಳಿಸಬೇಡ. ಕಳಿಸಿದರೆ, ಅದು ಎಲ್ಲಿಯದು ಎಂದು ನಾನು ಕೇಳಬೇಕಾಗುತ್ತದೆ.

ಕಮಲಾಕ್ಷಮ್ಮ